ಗಾಡಿ ಒರೆಸಿದ ಗೋಣಿ

"ಇನ್ನೊಂದ್ ಚೊಂಬು ಬಿಸಿನೀರು ತಾರೇ, ಜಿಡ್ಡು ಬಿಡ್ತಾನೇ ಇಲ್ಲ," ಎಂದು ಚನ್ನರಾಯಪ್ಪ ಅಂಗಳದಿಂದ ಕೂಗಿದ.

ಆದಿಲಕ್ಷ್ಮಿ ಹಂಡೆಯಿಂದ ನೀರು ಮೊಗೆದು ತಂದು, ಗಂಡನ ಕೈಗೆ ಕೊಡದೆ ನೆಲದ ಮೇಲೆ ಕುಕ್ಕಿದಳು. ಅವನು ಮೋಟಾರ್ ಸೈಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಕೊಂಡಿಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದ. ಕರೀ ನೀರು ಹರಿದು ಅವಳು ಬೆಳಿಗ್ಗೆಯಷ್ಟೇ ಬಿಟ್ಟಿದ್ದ ರಂಗೋಲಿಯನ್ನು ಅರ್ಧ ನುಂಗಿತ್ತು. ದಿನಾ ಇದೇ ಹಾಡು. ಅವಳು ಹೇಳುವುದನ್ನೂ ಬಿಟ್ಟಿದ್ದಳು.

ಮಾಲೂರಿನ ದನದ ಡಾಕ್ಟರೊಬ್ಬರು ಮಾರಿದ ಗಾಡಿ ಅದು. ಹುತ್ತೂರಿನ ಆಚೆಯ ಅವರ ಊರಿಗೆ ಬಂದ ಮೊದಲ ಮೋಟಾರ್ ಸೈಕಲ್ಲು. ರೇಷ್ಮೆ ಗೂಡಿನ ಮೂಟೆಯನ್ನು ಹಿಂದೆ ಕಟ್ಟಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿಬರಲು ಅನುಕೂಲವಾಯಿತೆಂಬುದು ನಿಜ. ಒಂದೇ ಒದೆತಕ್ಕೆ ಗಾಡಿ ಎದ್ದು ಕೂರುತ್ತಿತ್ತೆಂಬುದೂ ನಿಜ. ಅದಕ್ಕೆ ಆಗುತ್ತಿದ್ದ ಸೇವೆಯೇನು ಸಾಮಾನ್ಯವೇ? ಚೈನಿಗೆ ಸೀಮೆಎಣ್ಣೆ, ನಿಕ್ಕಲ್ ಭಾಗಗಳಿಗೆ ಕೊಬ್ಬರಿಎಣ್ಣೆ, ಟ್ಯಾಂಕು ಒರೆಸಲು ಅವಳ ಹಳೇ ನೂಲಿನ ಸೀರೆ. ರೇಷನ್ನಿನ ಸೀಮೆಎಣ್ಣೆ ಗಾಡಿಗೇ ಮುಗಿದು, ಸಂಜೆ ಬುಡ್ಡಿ ಮಿಣುಕತೊಡಗಿದರೆ ಬೈಗುಳ ಮಾತ್ರ ಅವಳಿಗೆ. ಗಾಡಿಯ ಮೇಲೆ ಚೂರು ಧೂಳು ಕೂತರೆ ಚನ್ನರಾಯಪ್ಪನಿಗೆ ಮೈಯೆಲ್ಲ ಕಡಿತ. ತನ್ನ ಉಗುರುಸಂದಿಯ ಗ್ರೀಸು ಮಾತ್ರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅದೇ ಬೆರಳುಗಳಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದುವುದನ್ನು ನೋಡಿದಾಗಲೆಲ್ಲ ಅವಳು ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದಳು. ಮನೆಯೆಲ್ಲ ಸೀಮೆಎಣ್ಣೆ ನಾತ ಹಿಡಿದು, ಯಾವುದು ನಾತ ಯಾವುದು ಅಲ್ಲ ಎಂಬುದು ಮೂಗಿಗೇ ಮರೆತುಹೋಗಿತ್ತು.

ಅಷ್ಟರಲ್ಲಿ ಹುಳದ ಮನೆಯಿಂದ ಅತ್ತೆ ಅಕ್ಕಯಮ್ಮ ಕಿರುಚಿಕೊಂಡಳು.

"ಓರ್ನಾಯನೋ! ಚನ್ನಾ, ಬಾರೋ! ಹುಳ ಎಲ್ಲಾ ಹೋಗ್ತಾ ಅವೆ ಕಣೋ!"

ಆದಿಲಕ್ಷ್ಮಿ ಕಾಲು ತೊಳೆದುಕೊಂಡು ಒಳಗೆ ಓಡಿದಳು. ನಾಲ್ಕನೇ ಪೊರೆ ಬಿಟ್ಟು ಬೆರಳುದಪ್ಪ ಬೆಳೆದಿದ್ದ ರೇಷ್ಮೆ ಹುಳಗಳು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾದವು. ಈಗ ಬಿದಿರು ತಟ್ಟೆಗಳ ತುಂಬ ತಲೆ ಎತ್ತಿ ಅತ್ತ ಇತ್ತ ಒಲೆಯುತ್ತ, ಬಾಯಿಂದ ಹಸಿರು ನೀರು ಕಾರುತ್ತ ಮುದುಡಿಕೊಳ್ಳುತ್ತಿದ್ದವು. ಕೆಲವು ಆಗಲೇ ಜೋತುಬಿದ್ದಿದ್ದವು. ಬೆರಳು ತಾಕಿಸಿದರೆ ಲೋಳೆ. ನಿನ್ನೆ ಸಂಜೆ ಸೊಪ್ಪು ಕಡಿಯುವ ಸದ್ದಿನಿಂದ ತುಂಬಿದ್ದ ಕೋಣೆ ಸುಮ್ಮನಾಗಿಬಿಟ್ಟಿತ್ತು.

ಹುಳ ಸಾಕುವುದರಲ್ಲಿ ಆದಿಲಕ್ಷ್ಮಿಯ ಕೈಗುಣ ಸುತ್ತಲ ಊರಿಗೆಲ್ಲ ಗೊತ್ತಿತ್ತು. ಬೇರೆ ಹೆಂಗಸರು ಅವಳಿಂದಲೇ ಮೊದಲ ಸೊಪ್ಪು ಹಾಕಿಸಲು ಕರೆದೊಯ್ಯುತ್ತಿದ್ದರು. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡವರನ್ನು ಅವಳು ಹುಳದ ಮನೆಯ ಹೊಸಿಲಾಚೆಯೇ ನಿಲ್ಲಿಸುತ್ತಿದ್ದಳು. ಮುಟ್ಟಾದ ದಿನಗಳಲ್ಲಿ ತಾನೂ ಆ ಹೊಸಿಲು ದಾಟುತ್ತಿರಲಿಲ್ಲ. ಆ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ಹೆಸರೊಂದೇ.

ಬಾಗಿಲಲ್ಲಿ ನಿಂತು ನೋಡಿದ ಚನ್ನರಾಯಪ್ಪ ಕೈಯ ಜಿಡ್ಡನ್ನು ತೊಡೆಗೆ ಒರೆಸಿಕೊಂಡ.

"ಇದು ಮುಟ್ಟಿನ ಮೈಲಿಗೇನೇ ಕಣಮ್ಮಾ. ಇವಳು ಹೊರಗಾಗಿದ್ದು ಹೇಳ್ದೆ ಒಳಕ್ಕೆ ಬಂದು ಸೊಪ್ಪು ಹಾಕವಳೆ."

"ಇಲ್ಲ ಅತ್ತೆ. ನಾನು ತಲೆಗೆ ನೀರು ಹಾಕ್ಕೊಂಡ ಮೇಲೇನೇ ಒಳಕ್ಕೆ ಬಂದಿದ್ದು, ನೀವೇ ನೋಡಿದ್ರಲ್ಲ."

"ಯಾವತ್ತು ಆದೆ, ಯಾವತ್ತು ಎದ್ದೆ? ಬಿಡಿಸಿ ಹೇಳು," ಎಂದ ಅವನು. ಗಾಡಿಗೆ ಎಣ್ಣೆ ಯಾವತ್ತು ಹಾಕಿಸಿದ್ದು ಎಂದು ವಿಚಾರಿಸುವ ದನಿ ಅದು. ತಾಯಿಯ ಎದುರಿಗೇ ತನ್ನ ಮೈಯ ಲೆಕ್ಕ ಕೇಳುತ್ತಿದ್ದ ಆ ಬಾಯನ್ನು ನೋಡಿ ಅವಳಿಗೆ ಅಸಹ್ಯವಾಯಿತು.

ಅಕ್ಕಯಮ್ಮ ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಕೊನೆಗೆ ಹುಳದ ಮನೆಯ ಬೀಗದಕೈಯನ್ನು ಸೊಸೆಯ ಸೊಂಟದಿಂದ ತಾನೇ ಕಿತ್ತುಕೊಂಡಳು.

"ಇನ್ನು ನೀನು ಈ ಹೊಸಿಲು ತುಳೀಬ್ಯಾಡಮ್ಮ. ಉಳಿದಿರೋ ಸೊಪ್ಪು ಹಸೂಗಾದ್ರೂ ಹಾಕು ಹೋಗು."

ಸೊಪ್ಪು ಬಾಡದಂತೆ ಒದ್ದೆ ಗೋಣಿ ಮುಚ್ಚಿ ನಡುಮನೆಯ ಮೂಲೆಯಲ್ಲಿ ಇಡುವುದು ಪದ್ಧತಿ. ಆದಿಲಕ್ಷ್ಮಿ ಕಣ್ಣೊರೆಸಿಕೊಂಡು ಸೊಪ್ಪನ್ನು ಬಾಚಿ ಹಿತ್ತಲಿಗೆ ಹೊತ್ತು ಹಸುವಿನ ಮುಂದೆ ಸುರಿದಳು. ಹಿಪ್ಪುನೇರಳೆ ಎಂದರೆ ಬಾಯಿ ಬಿಡುವ ಹಸು ಮೂಸಿ, ಫೂತ್ಕರಿಸಿ, ಮುಖ ತಿರುಗಿಸಿತು.

ಅವಳು ಒಂದು ಎಲೆ ಎತ್ತಿ ಮೂಗಿಗೆ ಹಿಡಿದಳು. ಆಮೇಲೆ ಒಳಗೆ ಹೋಗಿ ಗೋಣಿಯನ್ನು ತಂದು ಬಿಸಿಲಿಗೆ ಹರಡಿ ನೋಡಿದಳು. ಬಳಸಿ ಬಳಸಿ ಮೆತ್ತಗಾಗಿದ್ದ ಗೋಣಿ. ಅದರ ಒಂದು ಮಗ್ಗುಲಿಗೆ ಕರೀ ಬರೆಗಳು. ನಿನ್ನೆ ಮುಳಬಾಗಿಲಿನಿಂದ ಕೆಸರು ಮೆತ್ತಿಕೊಂಡು ಬಂದವನು ಸಂಜೆಯ ಸೊಪ್ಪಿನ ಹೊತ್ತು ಕಳೆದ ಮೇಲೆ ಸೀಮೆಎಣ್ಣೆ ಹಾಕಿ ಇಂಜಿನ್ನು ಒರೆಸಲು ಕೂತಿದ್ದು, ಹೆಗಲ ಮೇಲೆ ಏನೋ ಒದ್ದೆ ಬಟ್ಟೆ ನೇತುಬಿದ್ದಿದ್ದು, ಎಲ್ಲ ನೆನಪಾಯಿತು. ಆಮೇಲೆ ಹಾಕಿದ ಸೊಪ್ಪೆಲ್ಲ ಈ ಗೋಣಿಯ ಅಡಿಯದೇ.

ಗೋಣಿಯನ್ನು ಒಯ್ದು ಗಂಡನ ಮುಖದ ಮುಂದೆ ಹಿಡಿದಳು.

"ಮೂಸಿ ನೋಡು."

ಅವನು ಮೂಸಬೇಕಾಗಿರಲಿಲ್ಲ. ನೋಡಿದ ಕೂಡಲೇ ಮುಖ ಕಪ್ಪಿಟ್ಟಿತು.

"ನೀರಲ್ಲಿ ತೊಳ್ದೇ ಹಾಕಿದ್ನಲ್ಲೇ..." ಎಂದು ಬಾಯಿತಪ್ಪಿ ಬಂತು. ಮರುಗಳಿಗೆಯೇ ಹುಳದ ಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಈಗ ಅದನ್ನ ಎತ್ಕೊಂಡು ರಂಪ ಮಾಡ್ಬೇಡ. ತಿಪ್ಪೆಗೆ ಎಸಿ ಹೋಗು."

ಎಸೆಯಲು ಅವಳೂ ಕೈ ಎತ್ತಿದ್ದಳು. ಅಷ್ಟರಲ್ಲಿ ಸುದ್ದಿ ಕೇಳಿ ಪಕ್ಕದ ಮನೆಯ ಗಂಗುಲಪ್ಪ ಬಂದ. ಅವನ ಮನೆಯಲ್ಲೂ ಹುಳವಿತ್ತು.

"ಏಮಯ್ಯಾ, ಏನಾಯ್ತು? ರೋಗ ಗೀಗ ಏನಾನಾ ಬಂತಾ?"

ಚನ್ನರಾಯಪ್ಪ ಸೀರೆಯ ತುಂಡು ಎತ್ತಿಕೊಂಡು ಟ್ಯಾಂಕು ಒರೆಸುತ್ತ ಹೇಳಿದ, "ರೋಗ ಎಲ್ಲಿ ಬಂತು ಗಂಗುಲಪ್ಪ. ಮನೇಲಿರೋ ಹೆಂಗಸ್ರು ಸರಿಯಾಗಿರ್ಬೇಕು. ಮುಟ್ಟಾಗಿ ಒಳಕ್ಕೆ ಹೋದ್ರೆ ಇನ್ನೇನಾಗ್ತದೆ?"

ಗಂಗುಲಪ್ಪ ನಾಲಿಗೆ ಕಚ್ಚಿಕೊಂಡು ಆದಿಲಕ್ಷ್ಮಿಯತ್ತ ನೋಡಿದ. ಸಂಜೆಯೊಳಗೆ ಈ ಮಾತು ಊರು ಸುತ್ತಿ ಹುತ್ತೂರು ಮುಟ್ಟುತ್ತದೆ. ಇನ್ನು ಯಾರೂ ಅವಳನ್ನು ಹುಳಕ್ಕೆ ಸೊಪ್ಪು ಹಾಕಲು ಕರೆಯುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದು ತಪ್ಪು, ಆಗಲಿ. ಗೊತ್ತಾದ ಮೇಲೆ ಮಾಡುತ್ತಿರುವುದು ಏನು? ಇಷ್ಟು ವರ್ಷ ಇವನ ಎಂಜಲು ತಟ್ಟೆ ಎತ್ತಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೋಣಿಯನ್ನು ಎಸೆಯಲಿಲ್ಲ. ಬಾವಿಕಟ್ಟೆಗೆ ಒಯ್ದು, ಮೂರು ಬಿಂದಿಗೆ ನೀರು ಸುರಿದು, ತಿಕ್ಕಿ ತೊಳೆದು ಹಿಂಡಿದಳು.

ಮಧ್ಯಾಹ್ನ ಗಂಗುಲಪ್ಪನನ್ನೂ ಊಟಕ್ಕೆ ಕೂರಿಸಿಕೊಂಡರು. ಮುದ್ದೆ ಆರದಂತೆ ಒದ್ದೆ ಬಟ್ಟೆ ಮುಚ್ಚಿಡುವುದು ಆ ಮನೆಯ ರೂಢಿ. ಅತ್ತೆಗೆ, ಗಂಗುಲಪ್ಪನಿಗೆ ದಿನದ ಬಟ್ಟೆಯೊಳಗಿನ ಮುದ್ದೆ ಬಡಿಸಿದಳು. ಗಂಡನ ಮುದ್ದೆಯನ್ನು ಬೇರೆ ಪಾತ್ರೆಯಿಂದ ತಂದಿಟ್ಟಳು. ಹುರುಳಿಸಾರು ಬಿಟ್ಟಳು.

ಚನ್ನರಾಯಪ್ಪ ತುತ್ತು ಮುರಿದು ಅದ್ದಿ ಬಾಯಿಗಿಟ್ಟ. ಗಂಟಲಿಗೆ ಇಳಿಯಲಿಲ್ಲ. ಮುಖ ಕಿವುಚಿ, ತಟ್ಟೆಗೇ ಉಗಿದ.

"ಥೂ! ಸೀಮೆಎಣ್ಣೆ ನಾತ! ಏನ್ ಮುಚ್ಚಿದ್ಯೇ ಇದಕ್ಕೆ?"

"ಸೊಪ್ಪಿನ ಗೋಣಿ," ಎಂದಳು ಆದಿಲಕ್ಷ್ಮಿ. "ನಿನ್ನೆ ನೀನು ಇಂಜಿನ್ ಒರೆಸಿ ಇಟ್ಯಲ್ಲ, ಅದೇ. ನಾನೂ ತೊಳ್ದೇ ಮುಚ್ಚಿದ್ದೆ."

ಗಂಗುಲಪ್ಪನ ಕೈ ಸಾರಿನಲ್ಲೇ ನಿಂತಿತು. ಅಕ್ಕಯಮ್ಮ ಮಗನ ತಟ್ಟೆಯನ್ನು ಎಳೆದುಕೊಂಡು ಮುದ್ದೆಯನ್ನು ಮೂಸಿದಳು. ಅವಳು ಹುಳದ ಜೊತೆ ಬೆಳೆದವಳು. ಸೀಮೆಎಣ್ಣೆ ಸೋಕಿದ ಸೊಪ್ಪು ಹುಳಕ್ಕೆ ವಿಷವೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇವಳ ಮೇಲೆ ಹೊರಿಸುವಾಗ ನಿನಗೆ ಗೊತ್ತಿತ್ತೇನೋ?" ಎಂದಳು.

"ಆಗ ಗೊತ್ತಿರಲಿಲ್ಲ ಅತ್ತೆ," ಎಂದಳು ಆದಿಲಕ್ಷ್ಮಿಯೇ. "ಗಂಗುಲಪ್ಪಣ್ಣನಿಗೆ ಹೇಳುವಾಗ ಗೊತ್ತಿತ್ತು."

ಚನ್ನರಾಯಪ್ಪ ಎದ್ದು ದಡದಡನೆ ಹೊರಗೆ ಹೋದ. ಅಕ್ಕಯಮ್ಮ ಎಡಗೈಯಿಂದ ಸೊಂಟ ತಡಕಿ ಬೀಗದಕೈ ತೆಗೆದು ಸೊಸೆಯ ಮುಂದೆ ನೆಲದ ಮೇಲಿಟ್ಟಳು. ಆದಿಲಕ್ಷ್ಮಿ ಅದನ್ನು ಮುಟ್ಟದೆ ಬಾಗಿಲಾಚೆ ನೋಡುತ್ತಿದ್ದಳು. ಅಂಗಳದಲ್ಲಿ ಅವನು ಚೊಂಬು ಎತ್ತಿ ಬಾಯಿ ಮುಕ್ಕಳಿಸಿ ಉಗಿದ, ಮತ್ತೆ ಮುಕ್ಕಳಿಸಿ ಉಗಿದ. ಹನಿಗಳು ಹಾರಿ ಗಾಡಿಯ ಮುಂದಿನ ಚಕ್ರಕ್ಕೆ ಬಿದ್ದವು. ಅವನು ಚೊಂಬು ಕೆಳಗಿಟ್ಟು, ಬಗ್ಗಿ, ಪಂಚೆಯ ತುದಿಯಿಂದ ಅವುಗಳನ್ನು ಒರೆಸತೊಡಗಿದ.