ಅಡ್ಡವೋ ಉದ್ದವೋ

ಹಾಲು ಚೆಲ್ಲಿದೆಯೇನೋ ಅನ್ನಿಸಿತು, ಅಲ್ಲ, ಗರಗಸದ ಮೇಲೆ ಬಿಡುವ ಬಿಳಿ ಕೂಲಂಟ್ ನೀರು, ಭೋಸರಿಯ ಈ ಶೆಡ್ಡಿನ ನೆಲದ ತುಂಬ ಅದೇ, ಎಣ್ಣೆಯ ವಾಸನೆ, ಖಡಕಿಯ ಕಾರ್ಖಾನೆಯಿಂದ ಬಂದಾಗ ಇವರ ಅಂಗಿಗೂ ಇದೇ ವಾಸನೆ ಇರುತ್ತಿತ್ತು — ಈಗ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ಲಕ್ವ ಹೊಡೆದ ಬಲಗೈ ತೊಡೆಯ ಮೇಲೆ ಬಿದ್ದಿದೆ, ಕಣ್ಣು ಮಾತ್ರ ಉಕ್ಕಿನ ಗಟ್ಟಿಯ ಮೇಲೆ. ರಿಟೈರ್ ಆದ ಮೇಲೆ ಚಾಕು ಮಾಡುತ್ತೇನೆಂದು ತಂದ ಟೂಲ್ ಸ್ಟೀಲ್, ಊಟದ ಮಣೆಯಷ್ಟು ಅಗಲ, ಇಬ್ಬರು ಹಿಡಿದರೂ ಏಳದ್ದು. ಮಷಿನ್ನಿನ ಮೇಲೆ ಅದನ್ನು ಬಿಗಿದು ಗರಗಸ ನಡೆಸುವ ದತ್ತು ಮರಾಠಿಯಲ್ಲಿ ಕೇಳುತ್ತಾನೆ, ವಹಿನಿ, ಆಡವಂ ಕಾಪೂ ಕೀ ಉಭಂ, ಅಡ್ಡ ಕೊಯ್ಯಲೋ ಉದ್ದ ಕೊಯ್ಯಲೋ, ನನ್ನನ್ನೇಕೆ ಕೇಳುತ್ತಾನೆ, ಇದನ್ನು ತಂದ ದಿನ ಇವರು ಹೇಳಿದ್ದರು, ಅಂಬಾ, ಉಕ್ಕಿಗೂ ಕಟ್ಟಿಗಿ ಹಂಗ ಎಳಿ ಇರತಾವ, ಎಳಿ ನೋಡಿ ಕೊಯ್ಯಬೇಕು, ಇಲ್ಲಾಂದ್ರ ಚಾಕು ಪಟ್ಟನ ಮುರೀತದ — ಯಾವ ಕಡೆಯ ಎಳೆ, ನಾನು ಬಟಾಣಿ ಸುಲಿಯುತ್ತ ಹೂಂ ಹೂಂ ಅಂದೆ, ಕೇಳಿಸಿಕೊಂಡೆನೋ ಇಲ್ಲವೋ. ನೀವೇ ಹೇಳ್ರಿ, ಹೆಂಗ ಕೊಯ್ಯಬೇಕು? ಅಡ್ಡ, ಅನ್ನುತ್ತಾರೆ. ಅಡ್ಡ. ಆದರೆ ಎಡಗೈ ಗಾಳಿಯಲ್ಲಿ ಉದ್ದಕ್ಕೆ ಹೋಗುತ್ತದೆ, ಮತ್ತೆ ಮತ್ತೆ ಉದ್ದಕ್ಕೆ, ಲಕ್ವ ಹೊಡೆದಾಗಿನಿಂದ ನೀರು ಬೇಕಾದಾಗ ಬ್ಯಾಡ ಅನ್ನುವ ಬಾಯಿ ಇದು, ಕಿಟಕಿ ತೆರೆ ಅನ್ನಲು ಹಾಕು ಅನ್ನುವ ಬಾಯಿ, ಆದರೆ ನಿನ್ನೆ ಚಹಾ ಅಂದದ್ದು ಚಹಾವೇ ಆಗಿತ್ತಲ್ಲ, ಹಾಗಾದರೆ ಇಂದು ಯಾವುದು, ಬಾಯಿಯೋ ಕೈಯೋ. ಒಮ್ಮೆ ಕೊಯ್ದರೆ ಮುಗಿಯಿತು, ಇಂಥ ಗಟ್ಟಿ ಇನ್ನೊಂದಿಲ್ಲ, ಇಡೀ ದಿನ ಗೋಡೆ ನೋಡುವ ಮನುಷ್ಯ ಇದರ ಮುಂದೆ ಮಾತ್ರ ಎದ್ದು ಕೂಡುತ್ತಾರೆ, ಇದನ್ನೂ ಕೆಡಿಸಿದೆನೆಂದರೆ — ದತ್ತು ಕಾಯುತ್ತಿದ್ದಾನೆ, ಇವರು ಅಡ್ಡ ಅಡ್ಡ ಅನ್ನುತ್ತ ಸಿಟ್ಟಾಗುತ್ತಿದ್ದಾರೆ, ಯಾರ ಮೇಲೆ ಸಿಟ್ಟು, ನನ್ನ ಮೇಲೋ, ಆ ಮಾತಿನ ಮೇಲೋ, ಮೂವತ್ತು ವರ್ಷ ಕಬ್ಬಿಣ ಹಿಡಿದದ್ದು ಕೈ, ಬಾಯಲ್ಲ, ದತ್ತು ಭಾವು, ಉಭಂ, ಉದ್ದಕ್ಕೇ, ಅಂದುಬಿಟ್ಟೆ, ಅಂದದ್ದು ನಾನೇನಾ.

ಗರಗಸ ಇಳಿಯುತ್ತಿದೆ, ಎಷ್ಟು ನಿಧಾನ, ಇನ್ನೂ ನಿಲ್ಲಿಸಬಹುದು, ನಿಲ್ಲಿಸಲಾ, ಇವರ ಎಡಗೈ ತೊಡೆಗೆ ಇಳಿದಿದೆ, ಕೈ ಇಳಿಯಿತೆಂದರೆ ಸರಿ ಎಂದೋ, ಹೋಗಲಿ ಬಿಡು ಎಂದೋ, ಠಣ್ ಎಂದು ಮೊದಲ ಪಟ್ಟಿ ಬಿತ್ತು, ದತ್ತು ಒರೆಸಿ ಇವರ ತೊಡೆಯ ಮೇಲೆ ಇಟ್ಟ, ಎಡಗೈ ಅದರ ಉದ್ದಕ್ಕೆ ಸವರಿತು, ಒಂದು ತುದಿಯನ್ನು ಚಾಕುವಿನ ಹಿಡಿಯಂತೆ ಹಿಡಿದು ಗಾಳಿಯಲ್ಲಿ ಈರುಳ್ಳಿ ಹೆಚ್ಚಿತು, ನನ್ನತ್ತ ನೋಡಿ ತಲೆಯಾಡಿಸಿದರು, ಸರಿಯಾಗಿದೆ, ದೇವರೇ, ಸರಿಯಾಗಿದೆ. ಆಮೇಲೆ ಬಲಗೈಯನ್ನು ಎಡಗೈಯಿಂದಲೇ ಎತ್ತಿ ಪಟ್ಟಿಯ ಮೇಲಿಟ್ಟರು, ಅಂಚು ಇನ್ನೂ ಉಜ್ಜಿಲ್ಲ ರೀ, ಅನ್ನುವಷ್ಟರಲ್ಲಿ ಆ ಕೈ ಅಂಚಿಗೆ ಜಾರಿತು, ಆರು ತಿಂಗಳಿಂದ ಸೂಜಿ ಚುಚ್ಚಿದರೂ ಅಲುಗದ ಹೆಬ್ಬೆರಳು ಸರಕ್ಕನೆ ಹಿಂದೆ ಸರಿಯಿತು. ಉರಿತದ, ಅಂದರು. ಉರಿ ಎಂದರೆ ಉರಿಯೇನಾ, ತಂಪು ಅನ್ನಲು ಹೋದರಾ, ಬೆರಳು ತಾನೇ ಸರಿಯಿತಾ, ನಾನೇ ಎಳೆದೆನಾ, ಸೆರಗು ಎಲ್ಲಿ, ಹೊಸ ಉಕ್ಕಿನ ಬೆಳ್ಳಗಿನ ಅಂಚಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ, ಉರಿತದ, ಕೆಂಪು ಗೆರೆ, ಒರೆಸಬೇಕು, ಒರೆಸಲಾರೆ, ಆ ಕೆಂಪು ಗೆರೆ —