ಮಂಚಕ್ಕಿಂತ ಎರಡಿಂಚು ಎತ್ತರ

ಅತ್ತೆ ಕಾರು ಹತ್ತುವುದನ್ನು ಬಿಟ್ಟದ್ದು ಸೊಂಟದ ನೋವಿನಿಂದಲ್ಲ ಎಂಬುದು ಆ ಮನೆಯಲ್ಲಿ ಸೊಸೆಯೊಬ್ಬಳಿಗೇ ಗೊತ್ತಿತ್ತು.

ಸೊಂಟದ ಆಪರೇಷನ್ ಆದಮೇಲೆ ಮೊದಲ ಸಲ ಹೊರಗೆ ಹೊರಟ ದಿನ ಮಗ ತಾಯಿಯನ್ನು ಅನಾಮತ್ತಾಗಿ ಎತ್ತಿ ಸೀಟಿನ ಮೇಲೆ ಕೂರಿಸಿದ್ದ. ಪ್ರೀತಿಯಿಂದಲೇ ಎತ್ತಿದ್ದ. ಎದುರು ಮನೆಯವರು ಮಹಡಿಯಿಂದ ನೋಡಿ, "ಮಗ ಅಂದ್ರೆ ಹೀಗಿರ್ಬೇಕು" ಎಂದು ಮೆಚ್ಚಿಕೊಂಡಿದ್ದರು. ಅವನು ಬೀಗಿದ. ಅತ್ತೆ ಮಾತ್ರ ಮೊಣಕಾಲವರೆಗೆ ಸರಿದಿದ್ದ ಬಟ್ಟೆಯನ್ನು ಕೆಳಗೆಳೆದುಕೊಳ್ಳುತ್ತ ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ಕುಳಿತಿದ್ದರು. ಆವತ್ತಿನಿಂದ ಹೊರಡುವ ಮಾತೆತ್ತಿದರೆ ಸಾಕು, ಅವರಿಗೆ ತಲೆ ಸುತ್ತುತ್ತಿತ್ತು.

ಅದಕ್ಕೆ ಮೊದಲು ಗುರುವಾರ ಬಂತೆಂದರೆ ಊರಿನ ಇನ್ನೊಂದು ತುದಿಯ ತಂಗಿಯ ಮನೆಗೆ ಹೋಗಿ, ಹೊತ್ತು ಮುಳುಗುವವರೆಗೆ ಹರಟೆ ಹೊಡೆದು ಬರುತ್ತಿದ್ದವರು. ಈಗ ಫೋನೇ ಗತಿ. "ಅವಳಿಗೆ ಕಿವಿ ಕೇಳಲ್ಲ, ನನಗೆ ಕೂಗೋಕಾಗಲ್ಲ" ಎಂದು ಎರಡು ಮಾತಾಡಿ ಇಟ್ಟುಬಿಡುವರು.

ಸೊಸೆಗೆ ಮರುಕವಾಗುತ್ತಿತ್ತು. ಮರುಕದ ಪಕ್ಕದಲ್ಲೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಇನ್ನೊಂದು ಆಸೆಯೂ ಇತ್ತು. ಆಗೆಲ್ಲ ಅತ್ತೆಯನ್ನು ಕಾರಿನಲ್ಲಿ ಅಲ್ಲಿ ಬಿಟ್ಟು ಬಂದಮೇಲೆ ಗುರುವಾರದ ಮಧ್ಯಾಹ್ನ ಇಡೀ ಮನೆ ಅವಳೊಬ್ಬಳದಾಗಿರುತ್ತಿತ್ತು. ತಲೆ ಬಾಚದೆ, ಸೋಫಾದ ಮೇಲೆ ಕಾಲು ಚಾಚಿ, ಸುಮ್ಮನೆ ಇರಬಹುದಿತ್ತು. ಈಗ ಪಾತ್ರೆಯ ಮುಚ್ಚಳ ತೆಗೆದರೂ ಒಳಕೋಣೆಯಿಂದ "ಏನೇ ಅದು?" ತಾನು ಒದ್ದಾಡುತ್ತಿರುವುದು ಅತ್ತೆಗಾಗಿಯೋ ತನಗಾಗಿಯೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಕಾಯದೆ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದಳು.

ಅತ್ತೆ ತಮ್ಮ ಮಂಚದ ಮೇಲೆ ಯಾರ ಹಂಗೂ ಇಲ್ಲದೆ ಕೂರುತ್ತಿದ್ದರು, ಏಳುತ್ತಿದ್ದರು. ಅವರು ಬಚ್ಚಲಿಗೆ ಹೋಗಿದ್ದಾಗ ಮಂಚದ ಎತ್ತರ ಅಳೆದಳು. ಆಮೇಲೆ ಕಾರಿನ ಸೀಟಿನದು. ಕಾರು ಎರಡಿಂಚು ಹೆಚ್ಚಿತ್ತು. ಎರಡೇ ಇಂಚು!

"ಗಾಡಿ ತಗ್ಗಿಸೋದಾ?" ಗಂಡ ಹೌಹಾರಿದ. "ಎತ್ತರ ಇದೆ ಅಂತಲೇ ಕಣೇ ಇದನ್ನ ತಗೊಂಡಿದ್ದು! ಅಮ್ಮನ್ನ ನಾನು ಎತ್ತಲ್ವಾ?"

"ನಿಮ್ಮನ್ನ ಯಾರಾದ್ರೂ ಹಾಗೆ ಎತ್ಕೊಂಡು ಹೋಗಿ ಆಫೀಸಲ್ಲಿ ಕೂರಿಸ್ಲಿ. ಆಮೇಲೆ ಮಾತಾಡೋಣ."

ಅವನು ಕಾರಿನ ಕೀಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದ.

ಗ್ಯಾರೇಜಿನಲ್ಲಿ ನೆಲಕ್ಕೆ ಮುತ್ತಿಡುವಂತೆ ತಗ್ಗಿದ ಕಾರುಗಳ ಸಾಲೇ ಇತ್ತು. ಎಲ್ಲ ಹುಡುಗರ ಶೋಕಿ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

"ಮಗ ಕಳಿಸಿದ್ನಾ ಅಕ್ಕಾ?"

"ನಮ್ಮತ್ತೆಗೆ ಬೇಕಿತ್ತು."

"ಅಜ್ಜಿಗೆ ಯಾವ ಬಣ್ಣದ ಸ್ಪ್ರಿಂಗ್ ಬೇಕಂತೆ?"

ಅವಳು ನಗದೆ ಎಲ್ಲವನ್ನೂ ವಿವರಿಸಿದ ಮೇಲೆ ಅವನ ತಮಾಷೆ ನಿಂತಿತು. ಬೆಂಚಿನ ಮೇಲೆ ಎರಡು ಬಗೆಯ ಸ್ಪ್ರಿಂಗ್ ತಂದಿಟ್ಟ. "ಮೆತ್ತನೇದು ಹಾಕಿ ತಗ್ಗಿಸಿದ್ರೆ ಗಾಡಿ ಕುಗ್ಗೋಕೆ ಜಾಗ ಉಳಿಯಲ್ಲ. ಹಂಪ್ ಬಂದಾಗ ತಳಕ್ಕೆ ಬಡಿಯುತ್ತೆ. ಸ್ವಲ್ಪ ಗಟ್ಟಿ ಸ್ಪ್ರಿಂಗು, ಕುಲುಕಾಟ ತಡೆಯೋಕೆ ಅದಕ್ಕೆ ತಕ್ಕ ಗಿಡ್ಡ ಶಾಕ್ಸು, ಎರಡನ್ನೂ ಜೋಡಿ ಮಾಡಿ ಹಾಕ್ಬೇಕು."

"ಆಪರೇಷನ್ ಆದ ಸೊಂಟಕ್ಕೆ ಗಟ್ಟೀದಾ? ಬೇಡಪ್ಪ, ಮೆತ್ತನೇದೇ ಹಾಕಿ. ಶಾಕ್ಸು ಹಳೇದೇ ಇರ್ಲಿ."

ಅವನು ಇನ್ನೊಂದು ಸಲ ಹೇಳಿದ. ಅವಳು ಇನ್ನೊಂದು ಸಲ ಬೇಡವೆಂದಳು. ಅವನು ಹೆಗಲು ಕೊಡವಿ ಒಳಗೆ ಹೋದ.

ಗುರುವಾರ ಅತ್ತೆಯನ್ನು ಹೇಗೋ ಪುಸಲಾಯಿಸಿ ಕಾರಿನವರೆಗೆ ಕರೆತಂದಳು. ಅತ್ತೆ ಸೀಟಿಗೆ ಬೆನ್ನು ಕೊಟ್ಟು ನಿಂತರು. ಮಂಚದ ಮೇಲೆ ಕೂರುವ ಹಾಗೆಯೇ ಕೂತರು. ಒಂದು ಕಾಲು, ಆಮೇಲೆ ಇನ್ನೊಂದು. ಯಾರೂ ಮುಟ್ಟಲಿಲ್ಲ. ಬಾಗಿಲನ್ನು ತಾವೇ ಎಳೆದುಕೊಂಡು, "ಹೂಂ" ಎಂದರು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ನಗು ಕಂಡು ಸೊಸೆ ಗಾಡಿ ಹೊರಡಿಸಿದಳು.

ಬೀದಿಯ ಕೊನೆಯ ಹಂಪು ಬಂತು. ಧಡ್!

ಅತ್ತೆ ಚೀರಲಿಲ್ಲ. ಕಿಟಕಿಯ ಮೇಲಿನ ಹಿಡಿಕೆಗೆ ಜೋತುಬಿದ್ದರು. ತುಟಿ ಬಿಳುಚಿಕೊಂಡಿತ್ತು. "ತಿರುಗಿಸು" ಎಂದರು. ಅಷ್ಟೇ.

ಸಂಜೆ ಗಂಡ "ನಾನು ಬಡ್ಕೊಂಡಿರ್ಲಿಲ್ವಾ" ಎಂದು ಶುರುಮಾಡಿದ. ಅವನನ್ನು ಅಲ್ಲೇ ಬಿಟ್ಟು ಅವಳು ಅತ್ತೆಯ ಕೋಣೆಗೆ ಹೋದಳು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ತಪ್ಪು ನಂದೇ ಅತ್ತೆ. ಮೆಕ್ಯಾನಿಕ್ ಬೇಡ ಅಂದ್ರು, ನಾನೇ ಹಟ ಹಿಡಿದೆ. ನಿಮಗೆ ಮೆತ್ತಗಿದ್ರೆ ಒಳ್ಳೇದು ಅಂತ..."

"ನನ್ನ ಕೇಳಿದ್ಯಾ?"

ಅತ್ತೆ ಹೊದಿಕೆಯನ್ನು ಹೆಗಲಿನವರೆಗೆ ಎಳೆದುಕೊಂಡರು.

"ಅವನು ಕೇಳ್ದೆ ಎತ್ತಿದ. ನೀನು ಕೇಳ್ದೆ ಇಳಿಸ್ದೆ. ಸೊಂಟ ಮಾತ್ರ ನಂದು."

ಗಂಡನಿಗಿಂತ ತಾನು ಹೆಚ್ಚು ತಿಳಿದವಳೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಅತ್ತೆಯ ಮಂಚವನ್ನೂ ಕದ್ದು ಅಳೆದಿದ್ದಳು. ಬಾಗಿಲ ಬಳಿ ನಿಂತು ಒಂದೊಂದೇ ಮಾತು ಕೂಡಿಸಿಕೊಂಡು ಕೇಳಿದಳು: "ಈಗ ಕೇಳ್ತೀನಿ. ಏನು ಮಾಡೋಣ ಹೇಳಿ."

ಗೋಡೆಯ ಕಡೆಯಿಂದ ಉತ್ತರ ಬಂತು. "ಆ ಗ್ಯಾರೇಜಿನವನ ಹತ್ರ ನನ್ನನ್ನೇ ಕರ್ಕೊಂಡು ಹೋಗು. ಆಮೆ ಹೋದ ಹಾಗೆ ಹೋಗು."

ಮೆಕ್ಯಾನಿಕ್ ಓಡಿ ಬಂದು ಕುರ್ಚಿ ಹಾಕಿದ. "ಅಕ್ಕ ಹೇಳಿದ್ರು ಅಂತ ಹಾಕ್ಬಾರ್ದಿತ್ತು ಅಜ್ಜಿ, ನಂದೂ ತಪ್ಪಿದೆ."

"ಇವಳ ಹಟ ನನಗೆ ಗೊತ್ತಿಲ್ವಾ? ಈಗ ಏನು ಮಾಡ್ತೀಯ ಹೇಳು."

"ಗಟ್ಟಿ ಸ್ಪ್ರಿಂಗು, ಗಿಡ್ಡ ಶಾಕ್ಸು. ಎತ್ತರ ಇಷ್ಟೇ ಇರುತ್ತೆ, ಧಡ್ ಅಂತ ಬಡಿಯೋದು ನಿಲ್ಲುತ್ತೆ. ಆದ್ರೆ ದಾರೀಲಿ ಸಣ್ಣ ಕಿರಿಕಿರಿ ಇದ್ದೇ ಇರುತ್ತೆ."

"ಸಣ್ಣ ಕಿರಿಕಿರಿ ತಡ್ಕೋತೀನಪ್ಪ. ಇಷ್ಟು ವರ್ಷ ಇವಳ ಜೊತೆ ಬಾಳಿಲ್ವಾ?"

ಮೆಕ್ಯಾನಿಕ್ ನಕ್ಕ. ಸೊಸೆಗೂ ನಗು ತಡೆಯಲಾಗಲಿಲ್ಲ.

ಕೆಲಸ ಮುಗಿಯುವವರೆಗೆ ಆ ಕುರ್ಚಿಯಲ್ಲೇ ಕಾದಿದ್ದು, ಅತ್ತೆಯೇ ಕಾರಿನಲ್ಲಿ ಕೂತರು. ಹೊಸ ಶಾಕ್ಸಿನ ತಲೆಯ ಮೇಲೊಂದು ತಿರುಪು. ಅದನ್ನು ತಿರುಗಿಸಿದಂತೆ ಕಾರಿನ ಬಿಗಿ ಹೆಚ್ಚು ಕಡಿಮೆಯಾಗುತ್ತಿತ್ತು. ಪ್ರತಿ ಸಲ ಒಂದು ಸುತ್ತು ಹೋಗಿ ಬಂದು ಅತ್ತೆ ತೀರ್ಪು ಕೊಡುವರು: "ತೊಟ್ಟಿಲಾಯ್ತು, ಹೊಟ್ಟೆ ತೊಳಸುತ್ತೆ." "ಇದು ಜಲ್ಲಿ ಲಾರಿ." ಕೊನೆಗೆ, "ಇಲ್ಲೇ ಬಿಡು, ಮುಟ್ಬೇಡ." ಸೊಸೆಗೆ ಅದು ತುಸು ಗಟ್ಟಿಯೆನಿಸಿತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು.

ಮುಂದಿನ ಗುರುವಾರ ಅತ್ತೆ ಹತ್ತಿದರು. ಗಂಡ ಆವತ್ತಿನಂತೆಯೇ ಎತ್ತಲೆಂದು ಎರಡೂ ಕೈ ಚಾಚಿಕೊಂಡು ಬಂದವನು, ಆ ಕೈಗಳಿಗೆ ಬೇರೆ ಕೆಲಸ ಸಿಗದೆ ಜೇಬಿಗೆ ತುರುಕಿಕೊಂಡ.

ಕಾರು ಹೊರಟಿತು. ಸೀಟಿನಲ್ಲಿ ಸಣ್ಣ ನಡುಕ. ಅತ್ತೆ ತಂಗಿಯ ಮೇಲಿನ ದೂರು ಬಿಚ್ಚಿದರು. "ಅವಳಿದ್ದಾಳಲ್ಲ, ಫೋನಿನಲ್ಲಿ ಎಲ್ಲದಕ್ಕೂ ಹೂಂ ಹೂಂ ಅಂತಾಳೆ, ಕೇಳಿಸಿಕೊಂಡಿರೋದು ಮಾತ್ರ..."

ಹಂಪು ಕಂಡಿತು. ಸೊಸೆ ಬ್ರೇಕಿನ ಮೇಲೆ ಕಾಲಿಟ್ಟಳು, ಉಸಿರು ಬಿಗಿಹಿಡಿದಳು. ಕಾರು ಒಮ್ಮೆ ಕುಗ್ಗಿ, ಒಮ್ಮೆ ಎದ್ದು, ತೆಪ್ಪಗಾಯಿತು.

"...ಒಂದು ಅಕ್ಷರಾನೂ ಇಲ್ಲ. ಇವತ್ತು ಎದುರಿಗೆ ಕೂರಿಸಿಕೊಂಡು ಮೊದಲಿಂದ ಎಲ್ಲಾ ಹೇಳ್ಬೇಕು. ನೋಡು, ನೀನೂ ಕೇಳಿಸ್ಕೋತಿಲ್ಲ!"

"ಕೇಳಿಸ್ತಿದೆ, ಹೇಳಿ ಅತ್ತೆ" ಎಂದು ಸೊಸೆ ಗೇರು ಬದಲಿಸಿದಳು.