ಕಂಪ್ಯೂಟರಿನ ಬಲಗೈ

ನಮ್ಮ ಚಿಕ್ಕಪ್ಪ ನಾಗರಾಜಪ್ಪ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ, ಕಂಪ್ಯೂಟರ್ ಜಾತಕ ಕೇಂದ್ರ ತೆರೆದಾಗ ಗೋಡೆಗೆ ಮೊದಲು ಹೊಡೆದದ್ದು ದೇವರ ಪಟವನ್ನಲ್ಲ, ಒಂದು ಬೋರ್ಡನ್ನು. "ಇದು ಯಂತ್ರ. ದೇವರಲ್ಲ. ಹೂವು, ಕುಂಕುಮ, ವಿಭೂತಿ ಹಚ್ಚಬಾರದು. ಚಪ್ಪಲಿ ಹೊರಗೆ ಬಿಡಿ." ಕೊನೆಯ ಮಾತು ಓದಿದ ಜನಕ್ಕೆ ಮೊದಲ ಮಾತಿನ ಮೇಲಿನ ನಂಬಿಕೆ ಹೋಗಿಬಿಡುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬರುವ ಜಾಗ ಅಂದರೆ ಮತ್ತೇನು? ಎಲ್ಲರೂ ಕೈ ಮುಗಿದುಕೊಂಡೇ ಬರುತ್ತಿದ್ದರು.

ಚಿಕ್ಕಪ್ಪನಿಗೆ ಜಾತಕದಲ್ಲಿ ನಂಬಿಕೆ ಇರಲಿಲ್ಲ, ಕಂಪ್ಯೂಟರಿನಲ್ಲಿತ್ತು. ಬಂದವರಿಗೆ ಕಂಪ್ಯೂಟರ್ ಅಂದರೆ ಏನೆಂದು ಗೊತ್ತಿರಲಿಲ್ಲ, ಜಾತಕದಲ್ಲಿ ನಂಬಿಕೆ ಇತ್ತು. ಹಾಗಾಗಿ ಅಂಗಡಿ ಜೋರಾಗಿ ನಡೆಯುತ್ತಿತ್ತು. ಪೇಪರಿನಲ್ಲಿ ಕಂಪ್ಯೂಟರಿನ ಸುದ್ದಿ ಬಂದರೆ ಸಾಕು, ಚಿಕ್ಕಪ್ಪ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದ. ಅದು ಚದುರಂಗ ಆಡುತ್ತದಂತೆ, ಹವಾಮಾನ ಹೇಳುತ್ತದಂತೆ, ಮುಂದೆ ಡಾಕ್ಟರ ಕೆಲಸವನ್ನೂ ಅದೇ ಮಾಡುತ್ತದಂತೆ. "ಎಮ್ಮೆ ಹಿಂಡೂದು ಯಾವಾಗ ಕಲೀತೈತಿ ಅಂತ ಬರ್ದಾರೇನು?" ಎಂದು ಅವ್ವ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

ನಾನು ಗಂಗಾಶ್ರೀ, ಆ ಯಂತ್ರದ ಆಪರೇಟರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಆ ಯಂತ್ರದ ಮುಂದೆ ಒಂದು ವಾರ ಕೂತು ನೋಡಲಿ. ಪೇಪರಿನವರ ಕಂಪ್ಯೂಟರ್ ಚದುರಂಗ ಆಡುತ್ತಿದ್ದಾಗ ನಮ್ಮದಕ್ಕೆ ಇವತ್ತು ಯಾವ ದಿನ ಅನ್ನುವುದೇ ಗೊತ್ತಿರುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ ಸಾಕು, ಅದು ಸೀದಾ 1980ನೇ ಇಸವಿ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ನಾನು ನೋಡದೆ ಒತ್ತಿದರೆ ಮುಗಿಯಿತು. ಲಗ್ನಕ್ಕೆ ಬಂದ ಹುಡುಗಿಯ ವಯಸ್ಸು ಆರು ವರ್ಷ ಎಂದು ಅಚ್ಚಾಗಿ ಬರುತ್ತಿತ್ತು. ಜಡೆ ಊರಿನಿಂದ ಬಂದಿದ್ದ ಒಬ್ಬ ತಂದೆ ಆ ಕಾಗದ ಹಿಡಿದು, "ನಮ್ ಹುಡುಗಿ ವಯಸ್ಸು ಇಷ್ಟು ಇಳಿಸಿ ಕೊಟ್ರಲ್ಲ, ಭಾಳ ಉಪಕಾರ ಆಯ್ತು" ಎಂದು ಖುಷಿಯಾಗಿ ಹೊರಟೇಬಿಟ್ಟಿದ್ದರು.

ಇನ್ನು ಆ ಫ್ಲಾಪಿ. ಜಾತಕದ ಸಾಫ್ಟ್‌ವೇರ್ ಇದ್ದದ್ದು ಒಂದೇ ಒಂದು ಅಗಲವಾದ ಕಪ್ಪು ಫ್ಲಾಪಿಯಲ್ಲಿ. ಅದನ್ನು ನಕಲು ಮಾಡಲು ಬರುತ್ತಿರಲಿಲ್ಲ. ಪ್ರತಿ ಸಲವೂ ಅದನ್ನೇ ಯಂತ್ರದ ಬಾಯಿಗೆ ತುರುಕಬೇಕು. ಅದರ ಹೊದಿಕೆಯಲ್ಲಿ ಒಂದು ಕಡೆ ಉದ್ದನೆಯ ಕಿಂಡಿ. ಒಳಗಿನ ತೆಳು ತಟ್ಟೆ ಅಲ್ಲಿ ಬತ್ತಲೆಯಾಗಿ ಕಾಣುತ್ತಿತ್ತು. ಅಲ್ಲಿ ಬೆರಳು ತಾಗಿದರೂ ಕೆಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ ಏನು ಕೇಳಿದರೂ ಒಂದೇ ಉತ್ತರ: "ಆಫ್ ಮಾಡಿ ಆನ್ ಮಾಡಿ ಮೇಡಂ."

ಚಿಕ್ಕಪ್ಪನಿಗೆ ಯಂತ್ರದಲ್ಲಿ ಬರುತ್ತಿದ್ದ ವಿದ್ಯೆ ಒಂದೇ. ಪ್ರಿಂಟರಿನ ಗುಂಡಿ ಒತ್ತಿ ಹಿಡಿದರೆ ಅದು ಕಂಪ್ಯೂಟರನ್ನು ಕೇಳದೆಯೇ ಎ ಬಿ ಸಿ ಡಿ ಎಂದು ಸಾಲುಸಾಲಾಗಿ ಹೊಡೆಯುತ್ತಿತ್ತು. ಅದು ಪರೀಕ್ಷೆಯ ಅಚ್ಚು. ಬಂದ ನೆಂಟರಿಗೆಲ್ಲ ಚಿಕ್ಕಪ್ಪ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲ. ಕರಕರ ಸದ್ದಿಗೆ ಮೇಜೆಲ್ಲ ಅದುರುತ್ತಿತ್ತು. ಅವ್ವ ಓಡಿಬಂದು ಮೇಜಿನ ಮೇಲಿದ್ದ ಚಹಾದ ಲೋಟಗಳನ್ನು ಹಿಡಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಕೊಟ್ರೇಶ್ ಬಂದರು. ಸೊರಬದಲ್ಲಿ ಅವರದು ರೇಡಿಯೋ, ಟಿವಿ ರಿಪೇರಿ ಅಂಗಡಿ. ನಮ್ಮ ಸ್ಟೆಬಿಲೈಸರ್ ಸುಟ್ಟಿತ್ತು, ಚಿಕ್ಕಪ್ಪ ಹೇಳಿಕಳಿಸಿದ್ದ. ಅವರು ಸ್ಟೆಬಿಲೈಸರ್ ಬಿಚ್ಚುತ್ತ ಕೂತಾಗ ನಾನು 1980ನೇ ಇಸವಿಯ ಮೇಲೆ ಕಿರುಚಾಡುತ್ತಿದ್ದೆ. ಅವರು ಕಂಪ್ಯೂಟರಿನ ಬೆನ್ನು ಬಿಚ್ಚಿ, ಸತ್ತಿದ್ದ ಪುಟ್ಟ ಬ್ಯಾಟರಿ ತೆಗೆದು, ತಮ್ಮ ಚೀಲದಿಂದ ಇನ್ನೊಂದು ಹಾಕಿದರು. "ಇನ್ಮೇಲೆ ಇದಕ್ಕೆ ದಿನ ನೆನಪಿರುತ್ತೆ. ಇದನ್ನ ಬೈಯಕ್ಕೆ ಬೇರೆ ಕಾರಣ ಹುಡುಕ್ಕಳಿ" ಎಂದರು.

ನಾನು ನಕ್ಕುಬಿಟ್ಟೆ. ಆಮೇಲೆ ಸ್ಟೆಬಿಲೈಸರ್ ಚೆನ್ನಾಗಿಯೇ ಇತ್ತು, ಆದರೂ ಅವರು ಅದನ್ನು ನೋಡಲು ಪದೇ ಪದೇ ಬಂದರು. ಮನೆಯವರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಜಾತಿ ಒಂದೇ, ಅವ್ವನಿಗೆ ಹುಡುಗ ಹಿಡಿಸಿದ್ದ, ಚಿಕ್ಕಪ್ಪನಿಗೆ ಬಿಟ್ಟಿಯಾಗಿ ರಿಪೇರಿಯವನು ಸಿಗುತ್ತಿದ್ದ. ತಡೆ ಇದ್ದದ್ದು ಕೊಟ್ರೇಶರ ತಾಯಿ ರಾಜೇಶ್ವರಮ್ಮನವರದು. ಅವರ ತಂಗಿಯ ಮದುವೆಯಲ್ಲಿ ಜೋಯಿಸರು ಎರಡೂ ಕಡೆಯ ಊಟ ಉಂಡು ಸುಳ್ಳು ಹೇಳಿದ್ದರಂತೆ. "ಯಂತ್ರ ಯಾರ ಮನೇಲೂ ಉಣ್ಣದಿಲ್ಲ. ಕಂಪ್ಯೂಟರ್ ಕೂಡಿ ಬರುತ್ತೆ ಅಂದ್ರೆ ಆಯ್ತು, ಇಲ್ಲ ಅಂದ್ರೆ ಇಲ್ಲ" ಎಂದು ಅವರು ಹಟ ಹಿಡಿದಿದ್ದರು.

ಊರವರ ಮದುವೆಗಳನ್ನೆಲ್ಲ ಒಂದು ಗುಂಡಿ ಒತ್ತಿ ತೀರ್ಮಾನ ಮಾಡಿದವಳು ನಾನು. ನನ್ನ ಸರದಿ ಬಂದಾಗ ಆ ಗುಂಡಿಯ ಹತ್ತಿರವೂ ಹೋಗಲಿಲ್ಲ. ಅಮ್ಮನ ಟ್ರಂಕಿನಿಂದ ನನ್ನ ಜಾತಕ ಕದ್ದು ತರುತ್ತೇನೆ, ಮೊದಲೇ ಹಾಕಿ ನೋಡೋಣ ಎಂದು ಕೊಟ್ರೇಶ್ ಹೇಳಿದ್ದರು. ಬೇಡ ಅಂದೆ. ಕೂಡಿ ಬರಲಿಲ್ಲ ಅಂದರೆ ಏನು ಮಾಡುವುದು? ಅವರಿಲ್ಲದೆ ನನಗೆ ಆಗುತ್ತಿರಲಿಲ್ಲ, ಅಷ್ಟೇ ನನಗೆ ಗೊತ್ತಿದ್ದದ್ದು.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗ ಸೊರಬದ ಬಸ್ಸಿಳಿದು ಬಂದರು. ಒಳಗೆ ಅವ್ವ ಮಿರ್ಚಿ ಕರಿಯುತ್ತಿದ್ದಳು. ನಾನು ಹೊಸ ಸೀರೆ ಉಟ್ಟು ಕೀಬೋರ್ಡಿನ ಮುಂದೆ ಕೂತಿದ್ದೆ; ಹೆಣ್ಣು ನೋಡುವ ಶಾಸ್ತ್ರಕ್ಕೆ ಹೀಗೆ ಕೂತವಳು ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ರಾಜೇಶ್ವರಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಬಂದವರೇ ಎಲೆಯಲ್ಲಿ ಕಟ್ಟಿ ತಂದಿದ್ದ ಸೇವಂತಿಗೆ ಹೂವನ್ನು ತೆಗೆದು ಮಾನಿಟರಿನ ತಲೆಯ ಮೇಲಿಟ್ಟು ಕೈ ಮುಗಿದರು. ಚಿಕ್ಕಪ್ಪ ಬಾಯಿ ತೆರೆದ. ಬೋರ್ಡಿನ ಕಡೆ ಕೈ ಎತ್ತಿದ. ಗಂಡಿನ ತಾಯಿ ಎಂದು ನೆನಪಾಗಿ ಆ ಕೈಯಿಂದ ತಲೆ ಕೆರೆದುಕೊಂಡ.

"ಜಾತಕ ನೋಡದು ಇದರೊಳಗೇ ಏನವ್ವಾ?" ಎಂದು ರಾಜೇಶ್ವರಮ್ಮ ಫ್ಲಾಪಿಯನ್ನು ಎತ್ತಿಕೊಂಡರು. ನಾನು ಹೂಂ ಅನ್ನುವಷ್ಟರಲ್ಲಿ ಅದನ್ನು ಕಣ್ಣಿಗೊತ್ತಿಕೊಂಡು, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಬೆರಳಿಗೆ ಉಜ್ಜಿಕೊಂಡು, ಸರಿಯಾಗಿ ಆ ಕಿಂಡಿಯ ಮೇಲೆ ಮೂರು ಪಟ್ಟೆ ಎಳೆದರು.

ಬೇರೆ ಯಾರಾದರೂ ಆಗಿದ್ದರೆ ನನ್ನ ಕೂಗು ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಆವತ್ತು ಫ್ಲಾಪಿ ಇಸಿದುಕೊಂಡು ಸೆರಗಿನಲ್ಲಿ ಮೆಲ್ಲಗೆ ಒರೆಸಿದೆ. ವಿಭೂತಿ ಇನ್ನೂ ಒಳಗೆ ಹೋಯಿತು. ಕೊಟ್ರೇಶರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಏನಾದರಾಗಲಿ ಎಂದು ಫ್ಲಾಪಿ ಹಾಕಿದೆ.

ಯಂತ್ರ ಗರ್‌ರ್ ಎಂದಿತು. ಕೆಮ್ಮಿತು. ಮತ್ತೆ ಗರ್‌ರ್ ಎಂದಿತು. ಆಮೇಲೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಆ ದರಿದ್ರ ಪ್ರಶ್ನೆ ಮೂಡಿತು: ಅಬಾರ್ಟ್, ರಿಟ್ರೈ, ಫೇಲ್?

ರಿಟ್ರೈ ಒತ್ತಿದೆ. ಅದೇ ಪ್ರಶ್ನೆ. ಮತ್ತೆ ಒತ್ತಿದೆ. ಮತ್ತೆ ಅದೇ. ಬೆರಳು ನೋಯುವಷ್ಟು ಒತ್ತಿದೆ. ಪ್ರಶ್ನೆ ಕದಲಲಿಲ್ಲ.

"ಎಂತದಂತೆ ಅದು? ಎಂತ ಬರ್ದಿದೆ?" ರಾಜೇಶ್ವರಮ್ಮ ಮುಂದೆ ಬಗ್ಗಿದರು.

ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. "ಕೈ ಬಿಡಲೋ, ಇನ್ನೊಂದ್ಸಲ ನೋಡಲೋ, ಫೇಲ್ ಅನ್ನಲೋ ಅಂತ ಕೇಳಾಕ ಹತ್ತೈತ್ರೀ" ಎಂದೆ.

ಅವರ ಮುಖ ಸಣ್ಣಗಾಯಿತು. "ಬಾಯಿ ಬಿಟ್ಟಿದ್ದೇ ಕೈ ಬಿಡಲಾ ಅಂತ ಕೇಳ್ತಲ್ಲ" ಎಂದವರೇ ಎದ್ದರು. "ನಡಿ ಕೊಟ್ರೇಶಾ, ಬಸ್ಸು ಸಿಗುತ್ತೆ."

"ಅಮ್ಮಾ, ಅದು ಹಾಗಲ್ಲ. ನೀನು ವಿಭೂತಿ ಹಚ್ಚಿದ್ಯಲ್ಲ, ಅದರಿಂದ ಕೆಟ್ಟಿದೆ" ಎಂದರು ಕೊಟ್ರೇಶ್.

"ವಿಭೂತಿ ಹಚ್ಚಿದ್ರೆ ಕೆಡೋ ವಸ್ತು ಪ್ರಪಂಚದಲ್ಲಿ ಇದ್ಯೇನೋ? ಕೆಡದು ಮನುಷ್ಯರ ಬುದ್ಧಿ. ನಡಿ."

ಅವರು ಬಾಗಿಲ ತನಕ ಹೋಗೇಬಿಟ್ಟರು. ನನಗೆ ಮಾನಿಟರನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಅಷ್ಟರಲ್ಲಿ ಚಿಕ್ಕಪ್ಪನಿಗೆ ತನ್ನ ಯಂತ್ರದ ಮಾನದ ಚಿಂತೆ ಹತ್ತಿತು.

"ಯಂತ್ರ ಕೆಟ್ಟಿಲ್ರೀ ರಾಜೇಶ್ವರಮ್ಮಾರ! ಎಲ್ಲಾ ಸರೀ ಐತಿ! ಇಲ್ಲಿ ನೋಡ್ರಿ, ಹೆಂಗ ಹೊಡೀತೈತಿ!" ಎನ್ನುತ್ತ ಹೋಗಿ ಪ್ರಿಂಟರಿನ ಗುಂಡಿಯನ್ನು ಒತ್ತಿ ಹಿಡಿದ.

ಕರಕರ ಶುರುವಾಯಿತು. ಮೇಜು ಅದುರಿತು. ಅವ್ವ ಅಭ್ಯಾಸಬಲದಿಂದ ಒಳಗಿನಿಂದ ಓಡಿಬಂದು ಲೋಟಗಳನ್ನು ಹಿಡಿದುಕೊಂಡಳು. ಹೂವನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಮಾನಿಟರಿನ ತಲೆಯ ಮೇಲಿದ್ದ ಸೇವಂತಿಗೆ ಸ್ವಲ್ಪ ಕುಣಿಯಿತು, ಅಂಚಿಗೆ ಜಾರಿತು, ಕೆಳಗೆ ಬಿತ್ತು.

ಹೊಸಿಲ ಮೇಲೆ ಕಾಲಿಟ್ಟಿದ್ದ ರಾಜೇಶ್ವರಮ್ಮ ತಿರುಗಿ ನೋಡಿದರು. ಎರಡೂ ಕೈ ಕೆನ್ನೆಗೆ ಹೋದವು. "ಅಯ್ಯೋ ತಾಯಿ, ಹೂ ಕೊಡ್ತು!"

ನಮ್ಮ ಕಡೆ ಮದುವೆಗೋ, ಬಾವಿ ತೋಡಿಸುವುದಕ್ಕೋ ಗುಡಿಗೆ ಹೋಗಿ ಅಮ್ಮನ ಮೇಲೆ ಹೂವಿಟ್ಟು ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಅದರ ಮೇಲೆ ಮಾತಿಲ್ಲ. ಜೋಯಿಸರನ್ನು ನಂಬದವರೂ, ಯಂತ್ರವನ್ನು ಅರಿಯದವರೂ ಅದನ್ನು ಒಪ್ಪುತ್ತಾರೆ. ನಾವೆಲ್ಲರೂ ನೆಲ ನೋಡಿದೆವು.

ಹೂವು ಎಡಕ್ಕೆ ಬಿದ್ದಿತ್ತು.

"ಎಡ" ಎಂದರು ರಾಜೇಶ್ವರಮ್ಮ. ಸಿಟ್ಟಿನಿಂದಲ್ಲ, ನಿಜವಾಗಿಯೂ ಬೇಜಾರಿನಿಂದ. ಅವರಿಗೂ ನಾನು ಹಿಡಿಸಿದ್ದೆ ಎಂದು ನನಗೆ ಗೊತ್ತಾದದ್ದೇ ಆಗ. ಅದರಿಂದ ಸಂಕಟ ಇನ್ನೂ ಹೆಚ್ಚಾಯಿತು.

ಚಿಕ್ಕಪ್ಪ ನನ್ನನ್ನು ನೋಡಿದ. ಹೂವನ್ನು ನೋಡಿದ. ಆಮೇಲೆ ಪ್ರಿಂಟರಿನಿಂದ ಕೈ ತೆಗೆದು ಕೇಳಿದ, "ಎಡ ಅಂದ್ರ ಯಾರ ಎಡಾರೀ?"

"ಯಾರದು ಅಂದ್ರೆ?"

"ಗುಡಿಯಾಗ ಬಲ ಅಂತೀರಲ್ಲ, ಅದು ನಿಮ್ ಬಲಾನೋ, ಅಮ್ಮನ ಬಲಾನೋ?"

"ಅಮ್ಮಂದು. ಕೇಳೋರದ್ದು ಎಂತಕ್ಕೆ ಆಗುತ್ತೆ?"

"ಹಂಗಾರ ಇಲ್ಲಿ ನೋಡ್ರಿ." ಚಿಕ್ಕಪ್ಪ ಮೇಜಿನ ಹಿಂದೆ ತೂರಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮಾನಿಟರಿನ ಹಿಂದೆ ನೆಟ್ಟಗೆ ನಿಂತ. ಎರಡೂ ಕೈ ಚಾಚಿದ. "ನಾನೇ ಕಂಪ್ಯೂಟರು ಅಂತ ತಿಳ್ಕೋರಿ. ನನ್ ಮುಖ ನಿಮ್ ಕಡೆ ಐತಿ, ಇದರ ಮುಖಾನೂ ನಿಮ್ ಕಡೆ ಐತಿ. ಇದು ನನ್ ಬಲಗೈ. ಹೂ ಎಲ್ಲಿ ಬಿದ್ದೈತಿ?"

ಹೂವು ಸರಿಯಾಗಿ ಅವನ ಬಲಗೈಯ ಕೆಳಗಿತ್ತು.

ರಾಜೇಶ್ವರಮ್ಮ ಹೊಸಿಲು ದಾಟಿ ಒಳಗೆ ಬಂದರು. ಚಿಕ್ಕಪ್ಪನ ಕೈ ನೋಡಿದರು, ಹೂವು ನೋಡಿದರು, ಆಮೇಲೆ ಅವನ ತಲೆಯ ಮೇಲೆ ಗೋಡೆಯಲ್ಲಿದ್ದ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಇದು ಯಂತ್ರ, ದೇವರಲ್ಲ ಅಂತ ನೀವೇ ಬರೆಸಿದೀರಲ್ರೀ?"

ಚಿಕ್ಕಪ್ಪ ತಲೆಯೆತ್ತಿ ಬೋರ್ಡನ್ನು ನೋಡಿದ. ಆ ಬೋರ್ಡಿಗಾಗಿ ಅವನು ಇಡೀ ಬೀದಿಯ ಜೊತೆ ಜಗಳ ಕಾದಿದ್ದ, ಆಯುಧಪೂಜೆಯ ದಿನ ಅವ್ವನನ್ನೂ ಕೋಣೆಯೊಳಗೆ ಬಿಟ್ಟಿರಲಿಲ್ಲ. ಅವನು ತಿರುಗಿ, ಎರಡೂ ಕೈಯಿಂದ ಬೋರ್ಡನ್ನು ಹಿಡಿದು, ಮೊಳೆ ಸಮೇತ ಕಿತ್ತ. ಗೋಡೆಯ ಸುಣ್ಣ ಅವನ ತಲೆಯ ಮೇಲೆ ಉದುರಿತು.

"ಅದು ನಾ ಬರ್ದದ್ದು. ತಾನು ಏನು ಅಂತ ಅದಕ್ಕ ಗೊತ್ತು" ಎಂದ.

ನನ್ನ ಚಿಕ್ಕಪ್ಪನನ್ನು ನಾನು ಅಷ್ಟು ಪ್ರೀತಿಸಿದ್ದು ಅದಕ್ಕೆ ಮುಂಚೆ ಇಲ್ಲ.

ರಾಜೇಶ್ವರಮ್ಮ ಬಗ್ಗಿ ಹೂವೆತ್ತಿ ಕಣ್ಣಿಗೊತ್ತಿಕೊಂಡರು. ನನ್ನ ಹತ್ತಿರ ಬಂದು ಅದನ್ನು ನನ್ನ ಜಡೆಗೆ ಮುಡಿಸಿದರು. "ಬಲಗಡೆ ಪ್ರಸಾದ ಆಯ್ತು. ಇನ್ನು ಯಾರನ್ನೂ ಕೇಳದು ಬೇಡ" ಎಂದರು. ಅವ್ವ ಲೋಟಗಳನ್ನು ಹಿಡಿದುಕೊಂಡೇ ಅತ್ತಳು. ಕೊಟ್ರೇಶ್ ಎಲ್ಲರ ಎದುರೇ ಚಪ್ಪಾಳೆ ಹೊಡೆದುಬಿಟ್ಟು, ನಾಚಿಕೊಂಡು, ಸ್ಟೆಬಿಲೈಸರ್ ಸರಿಯಾಗಿದೆಯೇ ಎಂದು ನೋಡಲು ಹೋದರು. ನನಗೆ ಕುಣಿಯಬೇಕು ಅನ್ನಿಸಿತು, ಸೀರೆ ಬಿಡಲಿಲ್ಲ.

ಚಿಕ್ಕಪ್ಪ ಅಚ್ಚು ಹೊಡೆಸಿದ್ದ ಎ ಬಿ ಸಿ ಡಿ ಕಾಗದವನ್ನು ಹರಿದು ಅವ್ವ ಎಲ್ಲರಿಗೂ ಅದರ ಮೇಲೆ ಮಂಡಕ್ಕಿ ಮಿರ್ಚಿ ಹಾಕಿಕೊಟ್ಟಳು. ಹಿರಿಯರು ದಿನ ಗೊತ್ತುಮಾಡಲು ಒಳಗೆ ಹೋದರು. ಮುಂದಿನ ಕೋಣೆಯಲ್ಲಿ ಕೊಟ್ರೇಶ್, ನಾನು ಮತ್ತು ಯಂತ್ರ ಉಳಿದೆವು. ಪರದೆಯ ಮೇಲೆ ಅದೇ ಪ್ರಶ್ನೆ ಇನ್ನೂ ಮಿನುಗುತ್ತಿತ್ತು. ಕೈ ಬಿಡಲೋ, ಇನ್ನೊಂದು ಸಲ ನೋಡಲೋ, ಫೇಲ್ ಅನ್ನಲೋ?

"ಹೊಸ ಫ್ಲಾಪಿ ಬಂದ್ಮೇಲೆ ಒಂದ್ಸಲ ಹಾಕಿ ನೋಡಣಾ? ಸುಮ್ನೆ, ಎಂತ ಹೇಳುತ್ತೆ ಅಂತ" ಎಂದು ಕೊಟ್ರೇಶ್ ಮೆಲ್ಲಗೆ ಕೇಳಿದರು.

ನಾನು ಯಂತ್ರದ ಮುಖವನ್ನು ನೋಡಿದೆ. ಮೊದಲ ಸಲ ಅದರ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಅದು ಆಗಿನಿಂದ ಕೇಳುತ್ತಲೇ ಇತ್ತು. ಮೂರರಲ್ಲಿ ಯಾವುದನ್ನೂ ಒತ್ತದೆ ಗೋಡೆಯ ಸ್ವಿಚ್ಚು ಆರಿಸಿ, ಅವರ ಕಾಗದದಿಂದ ಒಂದು ಮಿರ್ಚಿ ಎತ್ತಿಕೊಂಡೆ.